ಒಲೆಯ ಮೇಲಿನ ಸೀತನಿ ತೆನೆ

ನಾನು ಚಿಕ್ಕವನಿದ್ದಾಗ ರಾಯಬಾಗದ ಕಡೆಯ ನಮ್ಮ ಮನೆಯಲ್ಲಿ ಅಡಿಗೆಮನೆ ಇದ್ದಿಲಿನಷ್ಟು ಕಪ್ಪಗಿತ್ತು. ಒಲೆಯ ಮೇಲಿನ ಜಂತಿಗೆ ಅವ್ವ ಸೀತನಿ ಜೋಳದ ತೆನೆಗಳನ್ನು ಕಟ್ಟುತ್ತಿದ್ದಳು. ಅದು ಬಿತ್ತನೆಯ ಬೀಜ. ಹೊಲವೆಲ್ಲ ಅಡ್ಡಾಡಿ ತುಂಬಿದ ತೆನೆಗಳನ್ನೇ ಆರಿಸುತ್ತಿದ್ದಳು. ಕಾಳು ಹಲ್ಲಿಗೆ ‘ಕಟ್’ ಅಂದರೆ ಮಾತ್ರ ಒಣಗಿದೆ ಎಂದು ಒಪ್ಪುತ್ತಿದ್ದಳು. ಅವಳ ತಾಯಿ ಸಾಯುವ ಮುಂಚೆ ನಮ್ಮ ಸೀಮೆಯದೇ ಹಳ್ಳಿಯಾದ ತವರು ಅನಂತಪುರದಿಂದ ಉಡಿಯಲ್ಲಿ ಕಟ್ಟಿಕೊಟ್ಟ ಬೀಜವದು. ಅದೇ ಜೋಳದ ಎಳೆ ತೆನೆ ಕೆಂಡದಲ್ಲಿ ಸುಟ್ಟು, ತಿಕ್ಕಿ, ಬಿಸಿಬಿಸಿ ಸೀತನಿ ಬಾಯಿಗೆ ಹಾಕಿಕೊಂಡರೆ, ಅಬ್ಬಾ, ಹಾಲು ಬೆಲ್ಲ ಕಲಸಿದ ಹಾಗಿರುತ್ತಿತ್ತು!

ಒಂದು ವರ್ಷ ಅಪ್ಪ ಗೋಬರ್ ಗ್ಯಾಸ್ ಹಾಕಿಸಿದ. ಅವ್ವನ ಕೆಮ್ಮು ನಿಂತಿತು. ಅಕ್ಕ ಗೋಡೆಗೆ ಸುಣ್ಣ ಬಳಿದಳು. ನಾವೆಲ್ಲ ಹಿಗ್ಗಿಹೋದೆವು. ತೆನೆಗಳು ಅಲ್ಲೇ ತೂಗಾಡುತ್ತಿದ್ದವು.

ಹಿಂಗಾರಿ ಬಿತ್ತನೆಗೆಂದು ಒಂದು ಮುಂಜಾನೆ ಅಪ್ಪ ತೆನೆ ಇಳಿಸಿದ. ಬೆಳ್ಳನೆಯ ಹಿಟ್ಟು ನನ್ನ ತಲೆ ಮೇಲೆ ಸುರಿಯಿತು. ಕಾಳಿಗೆಲ್ಲ ತೂತು, ಒಳಗೆಲ್ಲ ನುಸಿ.

“ಇಷ್ಟ ವರ್ಷ ಒಂದ ಹುಳಾನೂ ಹತ್ತಿದ್ದಿಲ್ಲಲ್ರಿ!” ಎಂದಳು ಅವ್ವ.

ಅಪ್ಪ ಸುಣ್ಣದ ಗೋಡೆ ನೋಡಿದ. “ಒಲಿ ಹೊಗಿ ಬೀಜಾ ಕಾಯ್ತಿತ್ತು. ನಮಗ ಗೊತ್ತಾಗ್ಲಿಲ್ಲ ನೋಡ.”

ಬೇರೆ ಜಾಗವಿಲ್ಲವೆಂದು ಅಲ್ಲಿ ಕಟ್ಟುತ್ತಾರೆ ಎಂದೇ ನಾವೆಲ್ಲ ತಿಳಿದಿದ್ದೆವು! ಅವ್ವ ತೂತಿಲ್ಲದಂತೆ ಕಂಡ ನಾಲ್ಕು ಕಾಳು ಹೆಕ್ಕಿ ಒದ್ದೆ ಬಟ್ಟೆಯಲ್ಲಿ ಕಟ್ಟಿಟ್ಟಳು. ಮೊಳಕೆ ಬಂದರೆ ಬೀಜ ಉಳಿದ ಹಾಗೆ.

ಅಪ್ಪ ಅವತ್ತೇ ಬಸ್ಸು ಹತ್ತಿ ಅನಂತಪುರಕ್ಕೆ ಹೋದ. ಸಂಜೆ ಅವನ ಕೈಯಲ್ಲಿ ತುಂಬಿದ ಚೀಲ ಕಂಡು ನಾನು ಕುಣಿಯುತ್ತ ಓಡಿದೆ. ಚೀಲದಲ್ಲಿ ಒಣದ್ರಾಕ್ಷಿ ಇತ್ತು. ಅಲ್ಲಿ ಸೋದರಮಾವ ಜೋಳ ಬಿಟ್ಟು ಹೊಲಕ್ಕೆಲ್ಲ ದ್ರಾಕ್ಷಿ ಹಾಕಿದ್ದನಂತೆ. ಊರಲ್ಲಿ ಯಾರ ಹತ್ತಿರವೂ ಆ ಬೀಜ ಉಳಿದಿರಲಿಲ್ಲ. ಅವ್ವ ದ್ರಾಕ್ಷಿ ಮುಟ್ಟಲಿಲ್ಲ.

ಮೂರು ದಿನ ಬಿಟ್ಟು ಅವ್ವ ಕಾಳಿನ ಬಟ್ಟೆ ಬಿಚ್ಚಿದಾಗ ಹುಳಿ ವಾಸನೆ ಬಂತು. ಒಂದೂ ಮೊಳೆತಿರಲಿಲ್ಲ.

“ಇವತ್ತ ನನ್ನ ಹಡದವ್ವ ಖರೇನ ಸತ್ಲು,” ಎಂದು ಅವ್ವ ಗೋಡೆಗೆ ಒರಗಿ ಅತ್ತಳು. ಅವಳ ಸೀರೆಗೆ ಸುಣ್ಣ ಹತ್ತಿತು.

ಮಕ್ಕಳೇ, ನಿಮ್ಮ ಅಡಿಗೆಮನೆಯಲ್ಲಿ ಹೊಗೆಯಿಲ್ಲ. ಒಳ್ಳೆಯದೇ ಆಯಿತು, ಯಾರ ಅವ್ವನೂ ಕೆಮ್ಮುವುದು ಬೇಡ. ಬೀಜ ಅಂದರೆ ನಿಮಗೆ ಅಂಗಡಿಯ ಬಣ್ಣದ ಪಾಕೀಟು. ಚಳಿಗಾಲದಲ್ಲಿ ಪೇಟೆಯ ಸೀತನಿ ತಂದುಕೊಟ್ಟರೆ, “ಅಜ್ಜಾ, ನೀ ಹೇಳಿದ್ದು ಇದ ಏನು?” ಎಂದು ಬಾಯಿ ಚಪ್ಪರಿಸುತ್ತ ಕೇಳುತ್ತೀರಿ. ಅಲ್ರೋ, ಇದಲ್ಲ. ಅದರ ರುಚಿ ಬಲ್ಲವರಲ್ಲಿ ಅಪ್ಪ, ಅವ್ವ, ಅಕ್ಕ ಯಾರೂ ಈಗಿಲ್ಲ. ನಾನು ಎಷ್ಟು ಹೇಳಿದರೂ ನಿಮ್ಮ ಬಾಯಿಗೆ ಅದರ ಒಂದು ಕಾಳು ಹಾಕಲಾರೆ.