ತೋರ್ಸಪ್ಪನ ಲೈಸೆನ್ಸು

ಹೆತ್ತವರು ಇಟ್ಟ ಹೆಸರು ಬೇರೆ ಇತ್ತು. ಆದರೆ ಜೈಲಿನಿಂದ ಬಂದ ಮೇಲೆ ಆ ನಂಬರ್ ಪ್ಲೇಟ್ ಪೇಂಟರನಿಗೆ ಬೀದಿಯವರೆಲ್ಲ ಸೇರಿ ತೋರ್ಸಪ್ಪ ಎಂದು ಹೆಸರಿಟ್ಟರು. ಯಾರೇ ಗಾಡಿ ನಿಲ್ಲಿಸಿ "ಬನ್ನಿ, ಬಿಡ್ತೀನಿ" ಅಂದರೂ ಆತ ಕೈ ಚಾಚಿ, "ಮೊದ್ಲು ಲೈಸೆನ್ಸ್ ತೋರ್ಸಪ್ಪ" ಎನ್ನುತ್ತಿದ್ದ. ಕೆಲವರು ನಕ್ಕು ತೋರಿಸುತ್ತಿದ್ದರು. ಹಲವರು "ಹಾಗಾದ್ರೆ ನಡ್ಕೊಂಡೇ ಬಾ" ಎಂದು ಹೊರಟುಬಿಡುತ್ತಿದ್ದರು. ಆತ ನಡೆದೇ ಬರುತ್ತಿದ್ದ.

ನಗುವವರಿಗೇನು, ನಕ್ಕರು. ಕದ್ದ ಕಾರುಗಳಿಗೆ ಸುಳ್ಳು ನಂಬರು ಬರೆದುಕೊಟ್ಟು ಒಳಗೆ ಹೋದವನನ್ನು ಷರತ್ತಿನ ಮೇಲೆ ಅವಧಿಗೆ ಮುಂಚೆ ಬಿಟ್ಟಿದ್ದರು. ಆ ದಿನ ವಕೀಲರು ಕೋರ್ಟಿನ ಮೆಟ್ಟಿಲ ಮೇಲೆ ನಿಲ್ಲಿಸಿಕೊಂಡು ಹೇಳಿದ್ದರು: "ಲೈಸೆನ್ಸಿಲ್ದೆ ಓಡ್ಸಿದೋನು ದಂಡ ಕಟ್ಟಿ ಮನೆಗೆ ಹೋಗ್ತಾನೆ. ಪಕ್ಕದಲ್ಲಿ ಕೂತ ನಿನ್ನ ಹಳೇ ಫೈಲು ಹೊರಗೆ ಬರುತ್ತೆ. ಗಾಡಿ ಯಾರ್ದು, ಪ್ಲೇಟ್ ಬರೆದಿದ್ದು ಯಾರು, ನೀನ್ಯಾಕೆ ಹತ್ತಿದೆ ಅಂತ ಶುರುವಾದ್ರೆ, ಉಳಿದ ಶಿಕ್ಷೆ ಒಳಗೇ ಮುಗಿಸ್ಬೇಕಾಗ್ಬಹುದು." ಹಾಲು ಕುಡಿದು ಬಾಯಿ ಸುಟ್ಟುಕೊಂಡವನು ಮಜ್ಜಿಗೆಯನ್ನೂ ಊದಿ ಕುಡಿಯುತ್ತಾನೆ. ತೋರ್ಸಪ್ಪ ನೀರನ್ನೂ ಊದತೊಡಗಿದ.

ಮಗಳು ನರ್ಸಿಂಗ್ ಮುಗಿಸಿದಳು. ಕಾಲೇಜಿನಲ್ಲಿ ಸರ್ಟಿಫಿಕೇಟ್ ಕೊಡುವ ಸಮಾರಂಭವಿತ್ತು. ಶಾಲೆಯಲ್ಲಿ ಅವಳು ಬಹುಮಾನ ತೆಗೆದುಕೊಂಡಾಗಲೆಲ್ಲ ಅಪ್ಪ ಕಂಬಿ ಎಣಿಸುತ್ತಿದ್ದ. "ಈ ಸಲ ಮುಂದಿನ ಸಾಲಲ್ಲಿ ಕೂತ್ಕೋಬೇಕು" ಎಂದು ಕೈ ಹಿಡಿದು ಹೇಳಿ, ಹಿಂದಿನ ದಿನವೇ ಹಾಸ್ಟೆಲ್ಲಿಗೆ ಹೋಗಿದ್ದಳು. ಅಂಥ ದಿನವೇ ಬಸ್ಸಿನವರು ಮುಷ್ಕರ ಹೂಡಬೇಕೆ! ಕೊನೆಗೆ ಬಾಮೈದ ತನ್ನ ನೀರಿನ ಕ್ಯಾನಿನ ವ್ಯಾನನ್ನು ತೊಳೆದು ಬಾಗಿಲಿಗೆ ತಂದ.

"ಹತ್ತಿ ಭಾವ, ಹೊತ್ತಾಯ್ತು."

"ಲೈಸೆನ್ಸ್ ತೋರ್ಸಪ್ಪ."

"ನಂದೂನಾ?" ಬಾಮೈದನ ಮುಖ ಊದಿಕೊಂಡಿತು. "ನೋಡಕ್ಕಾ ನಿನ್ನ ಗಂಡನ್ನ."

"ಇವತ್ತೊಂದಿನ ಬಿಡ್ರೀ," ಎಂದಳು ಹೆಂಡತಿ, ಹೊಸ ಸೀರೆಯ ನೆರಿಗೆ ಹಿಡಿದುಕೊಂಡೇ. "ಮಗು ದಾರಿ ನೋಡ್ತಿರುತ್ತೆ."

ಆತ ಚಾಚಿದ ಕೈ ಹಿಂದೆಗೆಯಲಿಲ್ಲ. ಬಾಮೈದ ಗೊಣಗುತ್ತ ಜೇಬಿನಿಂದ ಮಡಚಿದ ಕಾಗದ ಕೊಟ್ಟ.

"ಇದು ಕಲಿಯೋರಿಗೆ ಕೊಡೋದು ಕಣೋ. ಪಕ್ಕದಲ್ಲಿ ಲೈಸೆನ್ಸ್ ಇರೋರಿಲ್ದೆ ನೀನು ಓಡ್ಸೋ ಹಾಗಿಲ್ಲ."

"ಇಷ್ಟು ದಿನ ಓಡ್ಸಿದೀನಿ. ಯಾರೂ ಕೇಳ್ಲಿಲ್ಲ."

"ಕೇಳೋ ದಿನ ನೀನು ದಂಡ ಕಟ್ತೀಯ. ನಾನು ಒಳಗಿರ್ತೀನಿ."

"ಹಾಗಾದ್ರೆ ಹಾರ್ಕೊಂಡು ಹೋಗೋಣ್ವಾ?" ಹೆಂಡತಿಗೆ ಅಳುವೇ ಬಂತು.

ಆಗ ತೋರ್ಸಪ್ಪ ಇಸ್ತ್ರಿ ಮಾಡಿದ ಅಂಗಿಯ ಜೇಬಿನಿಂದ ಹೊಳೆಯುವ ಕಾರ್ಡೊಂದನ್ನು ತೆಗೆದ. ಮಧ್ಯಾಹ್ನ ಅಂಗಡಿ ಮುಚ್ಚಿ ಆತ ಠಾಣೆಗೆ ಸಹಿ ಹಾಕಲು ಹೋಗುತ್ತಾನೆಂದು ಹೆಂಡತಿ ನಂಬಿದ್ದಳು. ಆತ ಹೋಗುತ್ತಿದ್ದದ್ದು ಡ್ರೈವಿಂಗ್ ಶಾಲೆಗೆ. ಮಗಳ ಸರ್ಟಿಫಿಕೇಟಿನ ಪಕ್ಕ ಇಟ್ಟು ತೋರಿಸಬೇಕೆಂದು ಆಸೆಯಿಂದ ಬಚ್ಚಿಟ್ಟುಕೊಂಡಿದ್ದ. ಬೀದಿಯವರ ಲೈಸೆನ್ಸನ್ನೆಲ್ಲ ನೋಡಿದವನನ್ನು, ನಿನ್ನದೆಲ್ಲಪ್ಪ ಎಂದು ಒಬ್ಬ ಪುಣ್ಯಾತ್ಮನೂ ಕೇಳಿರಲಿಲ್ಲ.

"ಪಕ್ಕಕ್ಕೆ ಸರಿ," ಎಂದ ಬಾಮೈದನಿಗೆ.

ಸೇತುವೆಯ ಹತ್ತಿರ ಪೊಲೀಸರು ಕೈ ಅಡ್ಡ ಹಾಕಿದರು. ಕಿಟಕಿಗೆ ಬಗ್ಗಿದ ಇನ್ಸ್‌ಪೆಕ್ಟರೇ ಹಿಂದೆ ಆತನನ್ನು ಹಿಡಿದುಕೊಂಡು ಹೋದವರು. ತೋರ್ಸಪ್ಪ ಇಂಜಿನ್ ಆರಿಸಿದ.

"ಓಹೋ, ನೀನಾ!" ಅವರು ವ್ಯಾನನ್ನು ಒಂದು ಸುತ್ತು ಹಾಕಿ ಬಂದರು. "ಈ ಪ್ಲೇಟೂ ನಿನ್ನ ಕೈಬರಹಾನೇ."

"ಹೌದು ಸಾರ್. ಈ ಸಲ ನಂಬರೂ ಗಾಡೀದೇ."

ಅವರು ವ್ಯಾನಿನ ಕಾಗದಪತ್ರ ನೋಡಿದರು. ತಪ್ಪು ಸಿಗಲಿಲ್ಲ. ಕೊನೆಗೆ ಕೈ ಚಾಚಿದರು.

"ಎಲ್ಲಿ, ಲೈಸೆನ್ಸ್ ತೋರ್ಸಪ್ಪ."

ಪಕ್ಕದಲ್ಲಿದ್ದ ಬಾಮೈದ ಕಿಸಕ್ಕನೆ ನಕ್ಕ. ತೋರ್ಸಪ್ಪನಿಗೆ ನಗು ಬರಲಿಲ್ಲ, ಕಣ್ಣು ತುಂಬಿತು. ಎರಡೂ ಕೈಯಿಂದ ಕಾರ್ಡು ಕೊಟ್ಟ. ಇನ್ಸ್‌ಪೆಕ್ಟರ್ ಫೋಟೋ ನೋಡಿದರು, ಮುಖ ನೋಡಿದರು, ವಾಪಸು ಕೊಟ್ಟರು.

"ಹೊರಡಿ. ಎಲ್ಲಿಗೆ ಇಷ್ಟು ಸಿಂಗಾರ?"

"ಮಗಳು ನರ್ಸ್ ಆದ್ಲು ಸಾರ್," ಎಂದ ಆತ, ಸೇತುವೆಯ ಆಚೆ ದಡಕ್ಕೂ ಕೇಳುವ ಹಾಗೆ.

ಸಭಾಂಗಣದ ಮುಂದಿನ ಸಾಲಿನಲ್ಲಿ ಕೂತು, ಅಂಗೈ ಕೆಂಪಾಗುವಷ್ಟು ಚಪ್ಪಾಳೆ ತಟ್ಟಿದ. ಮಗಳು ವೇದಿಕೆಯಿಂದ ಇಳಿದು ಬರುವಷ್ಟರಲ್ಲಿ ಸೋದರಮಾವ ಅಡ್ಡ ಹೋಗಿ ಕಥೆಯೆಲ್ಲ ಊದಿಬಿಟ್ಟಿದ್ದ. ತೋರ್ಸಪ್ಪ ಅಭ್ಯಾಸಬಲದಿಂದ ಕೈ ಚಾಚಿದ.

"ಸರ್ಟಿಫಿಕೇಟ್ ತೋರ್ಸಮ್ಮ."

ಅವಳು ಅದನ್ನು ಬೆನ್ನ ಹಿಂದೆ ಬಚ್ಚಿಟ್ಟುಕೊಂಡು, ಇನ್ನೊಂದು ಕೈ ಚಾಚಿದಳು.

"ಮೊದ್ಲು ನಿಂದು ತೋರ್ಸಪ್ಪ."