ಸುಸಲಾ ಮಾರುವ ಆಯಿಯ ನಾಲ್ಕಾಣೆ

ಅವಳ ಬಲಗೈ ಹೆಬ್ಬೆರಳಿನ ಉಗುರು ನಟ್ಟನಡುವೆ ಸೀಳಿ ಎರಡಾಗಿತ್ತು. ಗಿರಾಕಿ ಕೊಟ್ಟ ಪ್ರತಿ ನಾಣ್ಯದ ಮೇಲೂ ಆ ಉಗುರನ್ನು ಒಮ್ಮೆ ಎಳೆದು ನೋಡಿಯೇ ಚೀಲಕ್ಕೆ ಹಾಕುತ್ತಿದ್ದಳು. ಸವೆದದ್ದೋ ವಿಕಾರವಾದದ್ದೋ ಕೈಗೆ ತಾಗಿದರೆ "ಇದು ನಡ್ಯಾಂಗಿಲ್ಲ" ಎಂದು ಅವನ ಕಾಲ ಬುಡಕ್ಕೇ ಎಸೆಯುತ್ತಿದ್ದಳು. ಪೊಲೀಸನಾದರೂ ಸರಿ, ಬಗ್ಗಿ ಆರಿಸಿಕೊಳ್ಳಬೇಕು.

ಎಂಬತ್ತರ ದಶಕದ ಮೊದಲ ವರ್ಷಗಳು. ಜೇವರ್ಗಿ ಬಸ್ ನಿಲ್ದಾಣದೊಳಗೆ, ಬೇವಿನ ನೆರಳಲ್ಲಿ ಅವಳು ಒಗ್ಗರಣೆ ಹಾಕಿದ ಮಂಡಕ್ಕಿಯ ಸುಸಲಾ, ಮಿರ್ಚಿಭಜಿ ಮಾರುತ್ತಿದ್ದಳು. ಎಲ್ಲರಿಗೂ ಅವಳು ಆಯಿ. ನಾನು ನೆಲೋಗಿಯಲ್ಲಿ ಸಾಲಿ ಮಾಸ್ತರ. ಬೆಳಿಗ್ಗೆ ಎಂಟರ ಬಸ್ಸು ಹಿಡಿಯುವ ಮೊದಲು ಅವಳ ಹತ್ತಿರ ಒಂದು ಪ್ಲೇಟ್ ಸುಸಲಾ ತಿನ್ನುತ್ತಿದ್ದೆ.

ನನಗೊಂದು ಚಟವಿತ್ತು. ಟಂಕಸಾಲೆಯಲ್ಲಿ ಅಚ್ಚು ತಪ್ಪಿ, ಹಾಗೆಯೇ ಜನರ ಕೈಗೆ ಬಂದುಬಿಟ್ಟ ನಾಣ್ಯಗಳನ್ನು ಚಿಲ್ಲರೆಯಲ್ಲಿ ಹುಡುಕುವುದು. ಅಂಥವಕ್ಕೆ ಕಲಬುರಗಿಯಲ್ಲಿ ಒಳ್ಳೆಯ ಬೆಲೆ ಕೊಡುವವನೊಬ್ಬನಿದ್ದ. ಗದ್ದಲದಲ್ಲಿ ಆಯಿಯ ಕಣ್ಣು ತಪ್ಪಿಸಿ ಬಂದ ಕೆಟ್ಟ ನಾಣ್ಯಗಳು ಅವಳ ಡಾಲ್ಡಾ ಡಬ್ಬಿಯಲ್ಲಿ ಬಿದ್ದಿರುತ್ತಿದ್ದವು. ಒಂದು ದಿನ ಅದರಲ್ಲಿ ಕೈಯಾಡಿಸಿದಾಗ ಒಂದು ನಾಲ್ಕಾಣೆ ಸಿಕ್ಕಿತು. ಒಂದು ಬದಿಗೆ ಸಿಂಹಗಳು ಉಬ್ಬಿದ್ದವು; ಇನ್ನೊಂದು ಬದಿಗೆ ಅದೇ ಸಿಂಹಗಳು ತಿರುವುಮುರುವಾಗಿ ಒಳಗೆ ತಗ್ಗಿದ್ದವು. ನಾನು ಹುಡುಕುತ್ತಿದ್ದಂಥದ್ದೇ.

"ಆಯಿ, ಇದನ್ನ ನನಗ ಕೊಡು. ಬದಲಿಗೆ ಬ್ಯಾರೆ ಚಾರಾಣೆ ಕೊಡ್ತೇನಿ."

"ಬೇಕಾರ್ ರೊಕ್ಕ ತಗೊಂಡು ಏನ್ ಮಾಡ್ತೀರಿ ಮಾಸ್ತರ್ರ?"

"ಹುಡುಗರಿಗೆ ಲೆಕ್ಕ ಕಲಿಸಾಕ."

ಅವಳು ನಕ್ಕು ಕೊಟ್ಟಳು. ಮೇಲೆ ಒಂದು ಮಿರ್ಚಿಯನ್ನೂ ಹಾಕಿದಳು, ಹುಡುಗರಿಗೆ ಕಲಿಸುವವನೆಂದು. ಆ ನಾಲ್ಕಾಣೆಯನ್ನು ನಾನು ನೂರೈವತ್ತು ರೂಪಾಯಿಗೆ ಮಾರಿದೆ. ಆ ಸಂತೋಷ ತಡೆಯಲಾರದೆ ಒಬ್ಬ ಕಂಡಕ್ಟರನ ಮುಂದೆ ಬಾಯಿಬಿಟ್ಟೆ.

ಮರುವಾರ ಅವಳು ನನ್ನ ತಟ್ಟೆಯನ್ನು ಕಸಿದುಕೊಂಡಳು.

"ನೂರೈವತ್ತಕ್ಕ ಮಾರಿದ್ಯಂತ, ಖರೆ ಏನು?"

ಅಲ್ಲಿಯವರೆಗೆ ನನಗೆ 'ರಿ' ಹಚ್ಚಿಯೇ ಮಾತಾಡಿದವಳು. ನಾನು ಹೌದೆಂದೆ. ಅರ್ಧ ಕೊಡುತ್ತೇನೆಂದು ಕಿಸೆಗೆ ಕೈಹಾಕಿದೆ.

"ನಿನ್ನ ರೊಕ್ಕ ಯಾರಿಗೆ ಬೇಕಾಗ್ಯಾದ? ನಿನಗ ಗುರುತ ಸಿಕ್ತು, ನೀ ತಗೊಂಡಿ. ಅದು ತಪ್ಪಲ್ಲ. ನಾ ಬಾಯಿಬಿಟ್ಟು ಕೇಳಿದ್ನಲ್ಲ, ಸುಳ್ಳ ಯಾಕ ಹೇಳಿದಿ? ಅದೂ ಹುಡುಗರ ಹೆಸರಿನ ಮ್ಯಾಲ!"

ಇಡೀ ನಿಲ್ದಾಣ ತಿರುಗಿ ನೋಡಿತು. ಅಂದಿನಿಂದ ನಾನು 'ಚಾರಾಣೆ ಮಾಸ್ತರ'ನಾದೆ. ಬಸ್ಸಿಗೆ ನಿಂತಾಗ ಅವಳು ಗಿರಾಕಿಗಳಿಗೆ, "ಕಿಸೆ ನೋಡ್ಕೊಳ್ರಿ, ಮಾಸ್ತರ ಬಂದಾನ" ಎನ್ನುತ್ತಿದ್ದಳು. ನೆಲೋಗಿಯ ಹುಡುಗರು ಹಿಂದಿನಿಂದ "ಚಾರಾಣೆ" ಎಂದು ಕೂಗಿ ಓಡುತ್ತಿದ್ದರು. ಎರಡು ವರ್ಷ ಸಹಿಸಿದೆ. ಆಮೇಲೆ, ಇಂದಿಗೂ ಹೇಳಲು ನಾಚಿಕೆಯಾಗುವ ಕೆಲಸ ಮಾಡಿದೆ. ನಿಲ್ದಾಣದೊಳಗೆ ಒಲೆ ಉರಿಸುತ್ತಾಳೆ, ಬೆಂಕಿಯ ಭಯವಿದೆ ಎಂದು ಸಾರಿಗೆ ಸಂಸ್ಥೆಯ ಮೇಲಿನವರಿಗೆ ಹೆಸರಿಲ್ಲದ ಅರ್ಜಿ ಬರೆದೆ. ತಿಂಗಳೊಳಗೆ ಅವಳನ್ನು ಹೊರಗೆ ಹಾಕಿದರು. ಬೇವಿನ ನೆರಳು ಹೋಯಿತು. ಹೆದ್ದಾರಿಯ ಪಕ್ಕ, ಲಾರಿಗಳ ಧೂಳಿನಲ್ಲಿ, ತಲೆಯ ಮೇಲೊಂದು ಗೋಣಿತಟ್ಟು ಕಟ್ಟಿಕೊಂಡು ಕೂತಳು. ನಾನು ಮುಂದೆ ಹಾದುಹೋಗುವಾಗ ಅವಳು ನನ್ನನ್ನು ಬಯ್ಯಲಿಲ್ಲ. ನೆಲಕ್ಕೆ ಉಗುಳಿದಳು.

ಅದೇ ವರ್ಷ ನನ್ನ ಮೇಲೂ ಒಂದು ಅರ್ಜಿ ಬಿತ್ತು. ಮಾಸ್ತರರು ವಾರಕ್ಕೆ ಮೂರು ದಿನವೂ ಸಾಲಿಗೆ ಬರುವುದಿಲ್ಲ ಎಂದು. ನೆಲೋಗಿಯ ಇಬ್ಬರು ಅದಕ್ಕೆ ಸಹಿ ಹಾಕಿದ್ದರು. ವಿಚಾರಣೆಗೆ ಬಂದ ಶಿಕ್ಷಣ ಇಲಾಖೆಯ ಸಾಹೇಬರು ನನ್ನನ್ನು ಜೊತೆಗೆ ಕರೆದುಕೊಂಡು ನಿಲ್ದಾಣಕ್ಕೆ ಬಂದರು. ದಿನಾಲೂ ಬಸ್ಸು ನೋಡುವವರು ಯಾರು ಎಂದು ಕೇಳಿದಾಗ ಜನ ಹೊರಗೆ ಹೆದ್ದಾರಿ ಪಕ್ಕ ಕೂತಿದ್ದ ಆಯಿಯತ್ತ ಕೈ ತೋರಿಸಿದರು. ನನ್ನ ನೌಕರಿ ಹೋಯಿತು ಎಂದುಕೊಂಡೆ.

"ಈ ಮಾಸ್ತರರು ಗೊತ್ತೇನು?" ಸಾಹೇಬರು ಕೇಳಿದರು.

"ಗೊತ್ತಿಲ್ದೇನ್ರಿ. ನನ್ನ ವೈರಿ ಇದ್ದಾನ. ಸುಳ್ಳಗಾರ." ಅವಳು ಎಣ್ಣೆಯಿಂದ ಮಿರ್ಚಿ ತೆಗೆಯುತ್ತಲೇ ಹೇಳಿದಳು. "ಆದ್ರ ಎಂಟರ ಬಸ್ ಒಂದಿನಾನೂ ತಪ್ಪಿಸಿಲ್ಲ. ಮಳಿ ಬರ್ಲಿ, ಜ್ವರ ಬರ್ಲಿ, ಹೋಗ್ಯಾನ. ಬ್ಯಾರೆ ಹೇಳಿದವ್ರು ಅವನಕಿಂತ ದೊಡ್ಡ ಸುಳ್ಳಗಾರರ್ರಿ."

ಸಾಹೇಬರು ಬರೆದುಕೊಂಡು ಹೋದರು. ಪ್ರಕರಣ ಅಲ್ಲಿಗೆ ಮುಗಿಯಿತು. ನಾನು ಅವಳ ಮುಂದೆ ಕೈಮುಗಿದು ನಿಂತೆ.

"ನಿನ್ನ ಸಲುವಾಗಿ ಹೇಳಿಲ್ಲ. ಖರೆ ಇತ್ತು, ಹೇಳಿದೆ," ಎಂದಳು. ಮತ್ತೆ ತೂತಿನ ಸೌಟು ಕೈಯಲ್ಲಿ ಹಿಡಿದು, ನನ್ನ ಮುಖ ನೋಡದೆ, "ಒಲಿ ಆರಿಸಿದ ಅರ್ಜಿ ನಿಂದೇ ಅಂತ ಗೊತ್ತದ. ಹೆಸರ ಬರೀಲಿಲ್ಲಂದ್ರ ಬರದ ಕೈ ಬದಲಾಗ್ತದೇನು? ನಡಿ, ಗಿರಾಕಿಗೆ ಅಡ್ಡ ನಿಂತೀ" ಎಂದಳು.

ನಾನು ಸಾರಿಗೆ ಸಂಸ್ಥೆಯ ಮೇಲಿನವರ ಬಳಿ ಹೋಗಿ ಅರ್ಜಿ ನನ್ನದೆಂದು ಒಪ್ಪಿಕೊಂಡೆ. ಅವಳನ್ನು ಒಳಗೆ ಕರೆಯಿರಿ ಎಂದು ಬೇಡಿಕೊಂಡೆ. ಅವರು ನಿಯಮ ತೋರಿಸಿದರು. ಮುಂದೆಯೂ ಅವಳು ನನಗೆ ಒಂದು ತಟ್ಟೆ ಸುಸಲಾ ಕೊಡಲಿಲ್ಲ. ಹೆದ್ದಾರಿಗೆ ಬಂದ ಎರಡನೆಯ ಬೇಸಿಗೆಯಲ್ಲಿ ತೀರಿಕೊಂಡಳು. ಬಿಸಿಲೋ ವಯಸ್ಸೋ, ಕೇಳುವ ಧೈರ್ಯ ನನಗಾಗಲಿಲ್ಲ. ಮಣ್ಣಿಗೆ ಹೋದೆ, ದೂರದಲ್ಲೇ ನಿಂತೆ. ಅವಳ ಮಗಳು ನನ್ನನ್ನು ಕಂಡು ಮುಖ ತಿರುಗಿಸಿದಳು.

ಹುಡುಕುವ ಚಟ ಹೋಗಲಿಲ್ಲ. ಅಫಜಲಪುರಕ್ಕೆ ವರ್ಗವಾದ ಮೇಲೆ ಒಂದು ಕಿರಾಣಿ ಅಂಗಡಿಯ ಚಿಲ್ಲರೆಯಲ್ಲಿ, ಅಚ್ಚು ಅರ್ಧಕ್ಕೇ ಜಾರಿ ಅರ್ಧ ಬೋಳಾಗಿ ಉಳಿದ ರೂಪಾಯಿ ಬಂತು. ಅದೇನೆಂದು, ಎಷ್ಟು ಬೆಲೆ ಬಾಳುತ್ತದೆಂದು, ಎಲ್ಲಿ ಮಾರಬೇಕೆಂದು ಅಂಗಡಿಯವನಿಗೆ ಪೂರ್ತಿ ಹೇಳಿದೆ. ಅವನು ಸರಕ್ಕನೆ ಅದನ್ನು ಕಿತ್ತುಕೊಂಡು ಒಳಕಿಸೆಗೆ ಹಾಕಿಕೊಂಡ. ಬೇರೆ ರೂಪಾಯಿ ಕೊಟ್ಟ. ನಾನು ಅದನ್ನು ತೆಗೆದುಕೊಂಡು ಮನೆಗೆ ನಡೆದೆ.