ಒಲೆ ಹಚ್ಚದ ಬೆಳಗು

ಅಜ್ಜಿಯ ಕಾಫಿ ನೆನೆದಾಗಲೆಲ್ಲ ಅದು ಸಿಗದ ಒಂದು ಬೆಳಗು ನೆನಪಾಗುತ್ತದೆ. ಹಿಂದೂಪುರದ ನಮ್ಮ ಬೀದಿಯಲ್ಲಿ ಯಾರು ತೀರಿಕೊಂಡರೂ ಹೆಣ ಎತ್ತುವವರೆಗೆ ಅವಳು ಒಲೆ ಹಚ್ಚುತ್ತಿರಲಿಲ್ಲ.

ಅಂದು, ದೂರದ ಜೈಲಿನಲ್ಲಿ ಕೊಲೆಗಾರನೊಬ್ಬನನ್ನು ಗಲ್ಲಿಗೇರಿಸಿದರೆಂದು ಟಿವಿಯಲ್ಲಿ ಬಂತು. ಅವನಿಗೆ ಗಲ್ಲೇ ಆಗಬೇಕೆಂದು ಹುಣಿಸೆ ಮಂಡಿಯಲ್ಲಿ ದಿನವೂ ವಾದಿಸುತ್ತಿದ್ದ ಅಪ್ಪ ಖುಷಿಯಿಂದ ಕಾಫಿ ಕೇಳಿದ.

“ಹೆಣ ಎತ್ತಿದ್ರಾ?” ಎಂದಳು ಅಜ್ಜಿ.

“ಅವ್ನೇನು ನಮ್ಮ ಬೀದಿಯೋನಾ, ಅಮ್ಮ?”

“ಬೀದಿಯೋರ್ನ ದೇವ್ರು ಕರ್ಕೊಂಡೋಯ್ತಾನೆ ಕಣಪ್ಪ. ಇವನ್ನ ಸಾಯ್ಸಿ ಅಂತ ಕೇಳ್ತಿದ್ದೋನು ನೀನಲ್ವಾ?”

ಅಪ್ಪ ರೇಗಿ ಟವೆಲು ಕೊಡವಿ ಎದ್ದ. ಎದುರಿಗೇ ಹೋಟೆಲಿದ್ದರೂ ಹೋಗದೆ ಟಿವಿ ಮುಂದೆ ಕೂತ. ಸಂಜೆ ಅಡುಗೆಮನೆಯ ಬಾಗಿಲಿಗೆ ಬಂದು, ತಗ್ಗಿದ ದನಿಯಲ್ಲಿ ಹೇಳಿದ:

“ಎತ್ತಿದ್ರಂತೆ ಕಣಮ್ಮ.”